ಪಡಸಾಲೆಯ ರೈಲು

ಬೀಳಗಿ ಊರಿಗೆ ರೈಲು ಬಂದಿಲ್ಲ. ರೈಲು ಕಾಣಬೇಕಾದರೆ ಇಲ್ಲಿಯವರು ಬಾಗಲಕೋಟೆಗೆ ಹೋಗಬೇಕು. ಗದಗ-ಹೊಟಗಿ ಮಾರ್ಗದಲ್ಲಿ ಮೀಟರ್ ಗೇಜಿನ ಗಾಡಿ ಓಡುತ್ತಿದ್ದ ಕಾಲದಿಂದಲೂ ಇದೇ ಸ್ಥಿತಿ. ಅಂಥ ಊರಿನ ನಿವೃತ್ತ ಶಿಕ್ಷಕರೊಬ್ಬರ ಪಡಸಾಲೆಯಲ್ಲಿ ಪುಟ್ಟ ರೈಲೊಂದು ಓಡುತ್ತದೆಂದರೆ ಕೇಳಿದವರು ನಗುವುದು ಸಹಜ.

ಮಾಸ್ತರರ ಹುಟ್ಟೂರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿತು. ಪರಿಹಾರದ ಹಣದಿಂದ ಮತ್ತೆ ಹೊಲ ಕೊಳ್ಳಬೇಕೆಂಬುದು ಅವರ ಹಟ. ಒಕ್ಕಲುತನ ತನ್ನಿಂದಾಗದೆಂದು ಮಗ ಪುಣೆಗೆ ನೌಕರಿಗೆ ಹೋದ. ಅಂದಿನಿಂದ ತಂದೆ-ಮಗನ ನಡುವೆ ಮಾತು ಬತ್ತಿತು.

ಪುಣೆಯಲ್ಲಿ ಭಾವೂಸಾಹೇಬ ಜೋಶಿಯವರು ತಮ್ಮ ಹವ್ಯಾಸವನ್ನೇ ಬೆಳೆಸಿ 1998ರಲ್ಲಿ ತೆರೆದ ಕಿರುರೈಲುಗಳ ಸಂಗ್ರಹಾಲಯವನ್ನು ಮೊಮ್ಮಗ ಕಂಡ. ರಜೆಗೆ ಬಂದವನು, “ಅಜ್ಜಾ, ಅರ್ಧಾ ನೀವು ಮಾಡ್ರಿ, ಅರ್ಧಾ ನಾವು ಮಾಡ್ತೀವಿ” ಎಂದ.

ತುಂಡುತುಂಡಾಗಿ ಕಟ್ಟುವ ಈ ವಿಧಾನಕ್ಕೆ ಒಂದು ಕಟ್ಟಳೆಯುಂಟು. ಹಲಗೆಯ ಮೇಲೆ ಗುಡ್ಡವಿರಲಿ, ಪೇಟೆಯಿರಲಿ, ಅದು ಕಟ್ಟುವವನ ಇಷ್ಟ. ಆದರೆ ಅಂಚಿನಲ್ಲಿ ಹಳಿಯ ಸ್ಥಾನ, ಎತ್ತರ, ಬೋಲ್ಟಿನ ತೂತು, ವಿದ್ಯುತ್ ತಂತಿಯ ಜೋಡಣೆ ಇವು ಎಲ್ಲ ಹಲಗೆಗಳಿಗೂ ಒಂದೇ ಆಗಿರಬೇಕು. 87ರಲ್ಲಿ ಒಂದು ಪಾಲಿನ ಅಳತೆ ಗೊತ್ತಾಯಿತು. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಆ ಲೆಕ್ಕದಲ್ಲಿ ಐದೂವರೆ ಅಡಿಯ ಆಳು 19 ಮಿಲಿಮೀಟರಿಗೆ ಇಳಿಯುತ್ತಾನೆ. ಪುಣೆಯಿಂದ ವಾರಕ್ಕೊಮ್ಮೆ ಫೋನು ಬರತೊಡಗಿತು. ಮಾತೆಲ್ಲ ಅಳತೆಯದೇ, ಆದರೂ ಅದು ಮಾತೇ ಅಲ್ಲವೇ?

ಮಾಸ್ತರರು ನಾಲ್ಕಡಿ ಪ್ಲೈವುಡ್ಡಿನ ಮೇಲೆ ಥರ್ಮೋಕೋಲಿನ ಗುಡ್ಡ ಕಡೆದರು. ಎರೆಮಣ್ಣನ್ನು ಜರಡಿ ಹಿಡಿದು ಹರವಿದರು. ಕಟ್ಟಿಗೆಯ ಹೊಟ್ಟಿಗೆ ಹಸಿರು ಬಣ್ಣ ಬೆರೆಸಿ ಜೋಳದ ಹೊಲ ಮಾಡಿದರು. ಹನುಮಪ್ಪನ ಗುಡಿ, ಅಗಸಿ, ಬೇವಿನ ಮರ, ತಮ್ಮ ಮನೆ, ಹೀಗೆ ಮುಳುಗಿದ ಊರು ಒಂದೊಂದಾಗಿ ಮೇಲೆದ್ದಿತು. ಎಂದೂ ರೈಲು ಕಾಣದ ಆ ಊರಿಗೆ ಒಂದು ನಿಲ್ದಾಣವನ್ನೂ ಕೊಟ್ಟರು.

ದೀಪಾವಳಿಗೆ ಮಗ ಪುಣೆಯ ಪೇಟೆಯ ಹಲಗೆಯೊಡನೆ ಬಂದ. ಎರಡನ್ನೂ ಜೋಡಿಸಿದರು. ಇಂಜಿನ್ನು ಸಂದಿಗೆ ಬಂದು ಹಳಿ ತಪ್ಪಿತು.

“ಅಪ್ಪಾರ, ನಿಮ್ಮ ಕಡೆ ಕೂದಲೆಳೆಯಷ್ಟು ಏರೈತ್ರಿ.”

“ಇಲ್ಲೋ ತಮ್ಮಾ, ನಿಂದ ಇಳದೈತಿ.”

ರಸಮಟ್ಟವಿಟ್ಟು ನೋಡಿದರೆ ತಪ್ಪು ಇಬ್ಬರದೂ ಅಲ್ಲ. ಪಡಸಾಲೆಯ ನೆಲವೇ ಓರೆ. ಕಾಲ ಕೆಳಗೆ ಮಡಿಚಿದ ಕಾಗದವೊಂದನ್ನು ಇಟ್ಟರು. ರೈಲು ಪುಣೆಯ ಪೇಟೆಯನ್ನು ದಾಟಿ, ಸಂದಿಯಲ್ಲಿ ಟಕ್ಕೆಂದು ಸದ್ದು ಮಾಡಿ, ಮುಳುಗಿದ ಊರನ್ನು ಸೇರಿತು.

ಮಗ ಬಾಗಿ ಬಹಳ ಹೊತ್ತು ನೋಡಿದ. “ದನದ ಕೊಟ್ಟಿಗಿ ಎಡಕ್ಕಿತ್ತಲ್ರಿ ಅಪ್ಪಾರ” ಎಂದ.

ಮಾಸ್ತರರು ಉತ್ತರ ಕೊಡಲಿಲ್ಲ. ಅಂಟಿಸಿದ್ದ ಕೊಟ್ಟಿಗೆಯನ್ನು ಮೆಲ್ಲನೆ ಕಿತ್ತು, ಎಡಕ್ಕಿಡುವಂತೆ ಮಗನ ಕೈಗೆ ಕೊಟ್ಟರು.