ನಾ ಎಲ್‌ಐಸಿ ಏಜೆಂಟ್ ಅಲ್ರೀ

ಮೊನ್ನೆ ಬಾಜೂ ಮನಿ ಅಕ್ಕಾರು ಹಿತ್ತಲ ಬಾಗಲದಾಗ ನಿಂತು ಕೇಳಿದ್ರು: "ನಮ್ಮ ಹುಡುಗಿಗೆ ಬೆಂಗಳೂರಾಗ ನಿನ್ನಂಥಾದ್ದಽ ನೌಕರಿ ಸಿಕ್ಕೈತಿ. ಇನ್ಶುರನ್ಸ್ ಸಾಫ್ಟ್‌ವೇರ್ ಅಂತ. ಕಳಸೂಣೇನವಾ?" ನಿಂತ ಕಾಲಮ್ಯಾಲ ಹೂಂ ಅನ್ನಾಕ ಆಗಲಿಲ್ಲ. ಅದಕ್ಕ ಇಲ್ಲಿ ಬರ್ಯಾಕತ್ತೇನಿ.

ಮೊದಲ ಒಂದ ಮಾತು, ನಾ ಎಲ್‌ಐಸಿ ಏಜೆಂಟ್ ಅಲ್ಲ. ಎಂಟ ವರ್ಷ ಆತು, ಜಮಖಂಡಿಗೆ ಬಂದಾಗೊಮ್ಮೆ ಯಾರರೆ ಬಾಂಡ್ ಹಿಡಕೊಂಡು ಪಡಸಾಲ್ಯಾಗ ಬಂದು ಕುಂಡ್ರತಾರ. ನಾವು ವಿಮಾ ಮಾರೂದಿಲ್ಲ. ಕಂತು ಎಷ್ಟು, ಯಾವತ್ತು ಕಟ್ಟಬೇಕು, ಕಟ್ಟಲಿಲ್ಲಂದ್ರ ಏನು, ಸತ್ತರ ರೊಕ್ಕ ಯಾರಿಗೆ, ಈ ಲೆಕ್ಕ ನಡಸೂ ಸಾಫ್ಟ್‌ವೇರ್ ಮಾಡಿ ವಿಮಾ ಕಂಪನಿಗೆ ಕೊಡತೀವಿ. ಅದು ಬರೋಬ್ಬರಿ ನಡೀತೈತೋ ಇಲ್ಲೋ ಅಂತ ಟೆಸ್ಟ್ ಮಾಡಾಕಿ ನಾನು.

ಪಗಾರ ತಪ್ಪಿಲ್ಲ, 2020ರ ಲಾಕ್‌ಡೌನಿನ್ಯಾಗೂ. ಅದಕ್ಕಿಂತ ದೊಡ್ಡದು ಕಂಪನಿಯ ಗುಂಪು ವಿಮಾ. ಅದರಾಗ ಅವ್ವ ಅಪ್ಪನ್ನೂ ಹಾಕೀನಿ. ಅವ್ವಗ ಸಕ್ಕರಿ ಜಡ್ಡು ಹತ್ತ ವರ್ಷದ್ದು. ಹೊರಗ ಸ್ವಂತ ಪಾಲಿಸಿ ತಗೊಂಡ್ರ ಹಳೇ ಜಡ್ಡಿಗೆ 3 ವರ್ಷದ ತನಕ ಕಾಯಸಬಹುದು. ನಮ್ಮದು ಮೊದಲನೇ ದಿನದಿಂದ ನಡೀತು. ಆಕಿ ಕಾಲಿನ ಹುಣ್ಣಿಗೆ ಆಸ್ಪತ್ರಿ ಸೇರಿದಾಗ ಯಾರ ಕಡೆನೂ ಕೈಗಡ ಕೇಳಲಿಲ್ಲ. ಖರೆ, ನೌಕರಿ ಬಿಟ್ರ ಅದೂ ಹೋಗತೈತಿ. ಎರಡ ಸಲ ರಾಜೀನಾಮೆ ಬರದು ಅದಽ ಹೆದರಿಕಿಗೆ ಅಳಿಸೇನಿ.

ಯಾಕ ಬರದೆ ಅಂದ್ರ, ಅಮೆರಿಕದವರ ಕೆಲಸ, ಊಟದ ಹೊತ್ತಿಗೇ ಮೀಟಿಂಗ್. ಅಲ್ಲಿ ಭಾಳ ಪಾಲಿಸಿ ಜನವರಿ 1ಕ್ಕ ಹೊಸಾವ ಆಗತಾವ, ಹಿಂಗಾಗಿ ಡಿಸೆಂಬರಿನ್ಯಾಗ ರಜಾದ ಹೆಸರ ಎತ್ತಬಾರದು. 2024ರಾಗ ಎಳ್ಳಮವಾಸಿ ಡಿಸೆಂಬರ್ 30ಕ್ಕ ಬಂತು. ಮನಿಮಂದಿ ಎಲ್ಲಾ ಚರಗ ಚೆಲ್ಲಾಕ ಹೊಲಕ್ಕ ಹೋದ್ರು, ನಾ ಬೆಂಗಳೂರಾಗ ಬ್ರೆಡ್ ತಿಂದೆ. ಶೇಂಗಾ ಹೋಳಿಗಿ ಫೋಟೋ ಕಳಸಿದ್ರ ಹೊಟ್ಟಿ ತುಂಬತೈತೇನ್ರಿ?

ಇದನ್ನೆಲ್ಲಾ ತಡಕೋಬಹುದು. ತಡಕೊಳ್ಳಾಕ ಆಗಲಾರದ್ದು ಅದಽ ವರ್ಷ ಆತು.

ಬನಹಟ್ಟಿ ಕಾಕಾ ಮಗ್ಗ ನಡಸತಿದ್ರು. ಬ್ಯಾಂಕಿನ್ಯಾಗ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮಾ ಮಾಡಿಸಿದ್ರು. ಆಗ ವರ್ಷಕ್ಕ 330 ರೂಪಾಯಿ, 2022ರ ಜೂನಿನಿಂದ 436 ಆತು. ಮೇ ಕೊನೀಗೆ ಖಾತ್ಯಾಗಿಂದ ತಾನಽ ಕಟ್ ಆಗತೈತಿ. ಸತ್ತರ ಮನಿಯವರಿಗೆ 2 ಲಕ್ಷ. 2024ರ ಮೇದಾಗ ಕಾಕಾ ನೂಲಿನ ಬಾಕಿ ತೀರಿಸಿದ್ರು, ಖಾತ್ಯಾಗ ಉಳದದ್ದು ಇನ್ನೂರಾ ಚಿಲ್ಲರ. ಮೆಸೇಜ್ ಇಂಗ್ಲಿಷಿನ್ಯಾಗ ಬಂದಿತ್ತು, ಯಾರೂ ಓದಲಿಲ್ಲ. ಆಗಸ್ಟಿನ್ಯಾಗ ಎದಿ ಹಿಡಕೊಂಡು ಹೋಗಿಬಿಟ್ರು. ದಿನಕರ್ಮ ಮುಗದ ಮ್ಯಾಲ ಕಾಕು ಪಾಸ್‌ಬುಕ್ ತಂದು ನನ್ನ ಕೈಯಾಗ ಇಟ್ಟಳು.

ಅದಽ ತಿಂಗಳು ಆಫೀಸಿನ್ಯಾಗ ನಾ ಇಂಥಾದ್ದಽ ಒಂದು ಟೆಸ್ಟ್ ಮಾಡಿದ್ದೆ. ಖಾತ್ಯಾಗ ರೊಕ್ಕಿಲ್ಲ, ಕಂತು ಹೋಗಿಲ್ಲ, ಕ್ಲೇಮ್ ಬಂತು. ಪಾಲಿಸಿ ಲ್ಯಾಪ್ಸ್ ಅಂತ ತೋರಿಸಬೇಕು, ತೋರಿಸ್ತು. "ಪಾಸ್" ಅಂತ ಬರದು ಚಹಾ ಕುಡ್ಯಾಕ ಎದ್ದೆ.

"ನೀ ಇದರಾಗಽ ಇದ್ದಾಕಿ. ಒಂದ ಮಾತು ಕೇಳಿದ್ರ ಆಗತಿತ್ತಲ್ಲವಾ" ಅಂದಳು ಕಾಕು. ಬೈದು ಅಂದಿದ್ರ ಪಾಡಿತ್ತು, ಸಾವಕಾಶ ಅಂದಳು. ಯಾರ್ಯಾರದೋ ಕಂತಿನ ತಾರೀಖು ನೋಡಿದಾಕಿ ನಾನು, ಮನ್ಯಾಗ ಒಬ್ಬರನ್ನೂ ಕೇಳಿರಲಿಲ್ಲ.

ಈಗ ಮೇ 20 ಬಂತಂದ್ರ ಎಲ್ಲಾರಿಗೂ ಫೋನ್ ಹಚ್ಚತೀನಿ. ನಿಮ್ಮಾಗ ಭಾಳ ಮಂದಿ ಬೈದೂ ಬೈದೀರಿ, ಬೈರಿ. ಈ ವರ್ಷ ಕಾಕು ತಾನಽ ನನಗಿಂತ ಮೊದಲ ಫೋನ್ ಮಾಡಿದ್ಲು: "ಐದನೂರು ಇಟ್ಟೀನಿ. ನಿಮ್ಮವ್ವಂದು ನೋಡಿದೇನ?"

ಅಕ್ಕಾರ, ಹುಡುಗೀನ್ನ ಕಳಸ್ರಿ. ಟೆಸ್ಟಿಂಗ್ ಒಂದರಾಗಽ ಕುಂಡ್ರಬ್ಯಾಡ, ಪ್ರೋಗ್ರಾಮ್ ಬರ್ಯಾಕೂ ಕಲಿ ಅಂತ ಹೇಳ್ರಿ. ನಾ ಕಲೀಲಿಲ್ಲ, ಅದಕ್ಕಽ ಕಂಪನಿ ಬದಲಿ ಮಾಡೂದು ತ್ರಾಸ ಆಗೇತಿ. ಎಳ್ಳಮವಾಸಿಗೆ ಆಕಿಗೆ ರಜಾ ಕೊಟ್ರ ನನಗೂ ತಿಳಸ್ರಿ. ಮತ್ತ ನಾಳೆ ಚಹಾಕ್ಕ ಬರೂಮುಂದ ನಿಮ್ಮ ಯಜಮಾನರ ಪಾಸ್‌ಬುಕ್ ತಗೊಂಡ ಬರ್ರಿ, ನೋಡೂಣು.