‘ನಮ್ಮ ಕಡೆಯವನೇ’ ಅಂದ್ಕೊಂಡಿದ್ದೆ (ಭಾಗ 3)

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಗೆಳೆಯರೇ, ಇವತ್ತಿಂದು ನನ್ನದೇ ಕತಿ. ಪೂರ್ತಿ ಓದ್ರಿ.

ಪಿಯುಸಿ ಎರಡನೇ ವರ್ಷ. ಚಿಂಚಲಿ ಮಾಯಕ್ಕನ ಜಾತ್ರಿ ಫೋಟೋ ಹಾಕಿದ್ದೆ. ಒಬ್ಬಾಂವ ಮೆಸೇಜ್ ಮಾಡಿದ: "ನಾನೂ ಅಲ್ಲೇ ಇದ್ದೆ, ನಮ್ಮೂರು ರಾಯಬಾಗ." ಮಾತು ನಮ್ಮ ಕಡೀದೇ. "ಊಟ ಆತೇನು?" ಅಂತ ದಿನಾ ಕೇಳ್ತಿದ್ದ. ನನ್ನ ಕಾಲೇಜು, ಹತ್ತುವ ಬಸ್ಸು, ತಂಗಿ ಹೆಸರು ಎಲ್ಲಾ ಅವನಿಗೆ ಗೊತ್ತಿತ್ತು. ಪರಿಚಯದಾಂವನೇ ಇರಬೇಕು ಅಂದ್ಕೊಂಡೆ. ಆಮೇಲೆ ನೋಡಿದರೆ ಅದೆಲ್ಲಾ ನನ್ನ ಹೈಲೈಟ್ಸ್‌ನಾಗೇ ಇತ್ತು! ನಾನೇ ಹಾಕಿದ್ದನ್ನ ನನಗೇ ತಿರುಗಿ ಹೇಳ್ತಿದ್ದ.

ಎರಡು ವಾರ ಆದಮೇಲೆ, "ಇಲ್ಲಿ ಬ್ಯಾಡ, ಟೆಲಿಗ್ರಾಮ್‌ಗೆ ಬಾ." ಆಮೇಲೆ, "ಮನ್ಯಾಗ ಹೇಳಬ್ಯಾಡ." ಆ ಮಾತಿಗೇ ನಾನು ಎಚ್ಚರಾಗಬೇಕಿತ್ತು. ಆಗಲಿಲ್ಲ.

ಒಂದು ರಾತ್ರಿ, ಜಾತ್ರಿ ಫೋಟೋದಾಗಿನ ನನ್ನ ಮುಖಾನ ಯಾವುದೋ ಕೆಟ್ಟ ಚಿತ್ರಕ್ಕೆ ಅಂಟಿಸಿ ಕಳಿಸಿದ. "5,000 ಹಾಕು. ಇಲ್ಲಾಂದ್ರ ನಿನ್ನ ಫಾಲೋವರ್ಸ್‌ಗೆಲ್ಲಾ ಹೋಗತೈತಿ."

ಅವ್ವ ಸಂಘಕ್ಕೆ ಕಟ್ಟಾಕ ಇಟ್ಟ ರೊಕ್ಕದ ಡಬ್ಬಿ ತೆಗೆದೇಬಿಟ್ಟಿದ್ದೆ. ಹಿಂದೆ ಅವ್ವ ನಿಂತಿದ್ಲು. ಬೈಯಲಿಲ್ಲ. ಚಷ್ಮಾ ಹಾಕ್ಕೊಂಡು ಪೂರ್ತಿ ಓದಿ, "ಕಳ್ಳ ಅಂವ. ನೀ ಯಾಕ ಅಂಜತಿ?" ಅಂದ್ಲು.

ಆಮೇಲೆ ನಾವು ಮಾಡಿದ್ದು ಇಷ್ಟು, ಸೇವ್ ಮಾಡ್ಕೊಳ್ರಿ:

👉 ರೊಕ್ಕ ಹಾಕಲಿಲ್ಲ. ಒಮ್ಮೆ ಕೊಟ್ಟರೆ ಮತ್ತೆ ಕೇಳ್ತಾರೆ.
👉 ಚಾಟ್ ಅಳಿಸಲಿಲ್ಲ. ಸ್ಕ್ರೀನ್‌ಶಾಟ್, ಪ್ರೊಫೈಲ್ ಲಿಂಕ್, ಯುಪಿಐ ಐಡಿ ತೆಗೆದಿಟ್ಟು, ಆಮೇಲೆ ರಿಪೋರ್ಟ್, ಬ್ಲಾಕ್.
👉 ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು ಕೊಟ್ಟೆವು. ರೊಕ್ಕ ಹೋಗಿದ್ದರೆ ತಡ ಮಾಡದೆ 1930. 18 ವರ್ಷದೊಳಗಿನವರಿಗೆ ಮಕ್ಕಳ ಸಹಾಯವಾಣಿ 1098 ಕೂಡ ಇದೆ.
👉 18ರೊಳಗಿನವರ ಇಂಥ ಫೋಟೋ ಹರಡದಂತೆ ತಡೆಯಾಕ ‘ಟೇಕ್ ಇಟ್ ಡೌನ್’ ಅನ್ನೋ ಉಚಿತ ಸೇವೆ ಇದೆ. ಫೋಟೋ ನಿಮ್ಮ ಫೋನ್ ಬಿಟ್ಟು ಹೊರಗೆ ಹೋಗಲ್ಲ.

"ಹೆಸರು ಹೊರಗೆ ಬಂದರೆ?" ಅಂತ ಅಂಜಬ್ಯಾಡ್ರಿ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಮಗುವಿನ ಗುರುತನ್ನು ಮಾಧ್ಯಮದವರು ಬಹಿರಂಗ ಮಾಡುವಂತಿಲ್ಲ.

ದೊಡ್ಡವರೂ ಬೀಳ್ತಾರೆ. 2025ರ ಮಾರ್ಚ್‌ನಲ್ಲಿ ನಮ್ಮ ಜಿಲ್ಲೆಯದೇ ಖಾನಾಪುರ ತಾಲೂಕಿನಲ್ಲಿ, ಪೊಲೀಸರೆಂದು ಹೇಳಿಕೊಂಡ ವಂಚಕರ ಕಾಟಕ್ಕೆ ವಯಸ್ಸಾದ ದಂಪತಿ ಜೀವವನ್ನೇ ಕಳಕೊಂಡರು. ಅಂಜಿಕೆ ಮನುಷ್ಯಾನ ಒಂಟಿ ಮಾಡತೈತಿ. ಅವರಿಗೆ ಬೇಕಾದ್ದೂ ಅದೇ.

ಆ ಫೋಟೋ ಯಾರಿಗಾದರೂ ಹೋತೋ ಇಲ್ಲೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಅವತ್ತು ರಾತ್ರಿ ನಿದ್ದಿ ಬಂತು, ಅವ್ವನ ಬಾಜೂಕ.

ನಿಮಗೂ ಇಂಥ ಮೆಸೇಜ್ ಬಂದಿದ್ದರೆ ಇವತ್ತೇ ಒಬ್ಬರಿಗೆ ಹೇಳ್ರಿ. ಅವ್ವ, ಅಕ್ಕ, ಕಾಕಾ, ಸರ್, ಯಾರಾದರೂ ಸರಿ.

ಭಾಗ 4: ಸ್ಟೋರಿಯಾಗ ಏನು ಹಾಕಬಾರದು.

#ಚಿಕ್ಕೋಡಿ #ನಿಪ್ಪಾಣಿ #ರಾಯಬಾಗ #ಅಥಣಿ #ಕಾಗವಾಡ #ಹೇಳ್ರಿ_ಅಂಜಬ್ಯಾಡ್ರಿ