ಹಳೆಯ ಕಾರಿನ ಜಾತಕ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರ ಕಾಲದಲ್ಲಿ ಹಳೆಯ ಕಾರು ಕೊಳ್ಳುವ ಪ್ರಸಂಗ ಬಂದಿರಲಿಲ್ಲ. ಬಂದಿದ್ದರೆ ಗಾದೆಗೆ ಮೂರನೆಯ ಪಾದವೊಂದು ಸೇರುತ್ತಿದ್ದುದರಲ್ಲಿ ಸಂದೇಹವಿಲ್ಲ. ಹೊರನಾಡಿನ ಮೇಷ್ಟರೊಬ್ಬರು 2022ರ ಮಳೆಗಾಲದಲ್ಲಿ ಆ ಮೂರನೆಯ ಪಾದವನ್ನು ಸ್ವಂತ ಖರ್ಚಿನಲ್ಲಿ ಕಲಿತರು.

ಮೇಷ್ಟರ ಮನೆ ಹೊರನಾಡಿನಲ್ಲಿ. ಅನ್ನಪೂರ್ಣೇಶ್ವರಿಯ ಗುಡಿಯ ಗಂಟೆ ಕಿವಿಗೆ ಬೀಳುವಷ್ಟು ಸಮೀಪ. ಅವರು ಪಾಠ ಹೇಳುವ ಪ್ರೌಢಶಾಲೆ ಕಳಸವನ್ನು ದಾಟಿ, ಬಾಳೆಹೊಳೆಯ ದಾರಿಯಲ್ಲಿ. ಅವರ ಪತ್ನಿಗೆ ಕಳಸದ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಹೋಗಿ ಬರುವ ದಾರಿ ದಿನಕ್ಕೆ 44 ಕಿಲೋಮೀಟರು. ಬಯಲುಸೀಮೆಯವರಿಗೆ ಅದು ಒಂದು ದೂರವೆಂದೇ ತೋರದು. ಮಲೆನಾಡಿನಲ್ಲಾದರೋ ದಾರಿಯ ಉದ್ದವನ್ನು ತಿರುವುಗಳಿಂದ ಎಣಿಸುವುದು ವಾಡಿಕೆ. ಮಳೆಗಾಲದಲ್ಲಿ ಅಡ್ಡಬಿದ್ದ ಮರಗಳಿಂದ. ಸಾಲದುದಕ್ಕೆ ಕಳಸಕ್ಕೂ ಹೊರನಾಡಿಗೂ ನಡುವೆ ಭದ್ರೆ ಹರಿಯುತ್ತಾಳೆ. 2019ರ ಆಗಸ್ಟಿನ ಮಹಾಮಳೆಯಲ್ಲಿ ಚಾರ್ಮಾಡಿಯ ಘಟ್ಟ ಕುಸಿದು ದಾರಿ ಮುಚ್ಚಿದಾಗ ಇತ್ತ ಹೆಬ್ಬಾಳೆಯ ತಗ್ಗು ಸೇತುವೆಯೂ ನೀರಿನಡಿಗೆ ಹೋಗಿತ್ತು. ಅಂತಹ ದಿನಗಳಲ್ಲಿ ಊರಿನವರಿಗೆ ಸುತ್ತುದಾರಿಯೇ ಗತಿ.

ಬಸ್ಸು ಇರಲಿಲ್ಲವೇ ಎಂದು ಕೇಳಬಹುದು. ಇತ್ತು. 1991ರಲ್ಲಿ ಕಾರ್ಮಿಕರೇ ಕೂಡಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆಯ ಬಸ್ಸುಗಳು ಸುಮಾರು ಮೂರು ದಶಕ ಮಲೆನಾಡಿನ ಮೂಲೆಮೂಲೆಗೆ ಜನರನ್ನು ಮುಟ್ಟಿಸಿದವು. 2020ರ ಫೆಬ್ರುವರಿಯಲ್ಲಿ ಆ ಸಂಸ್ಥೆ ನಷ್ಟದಿಂದ ನಿಂತುಹೋಯಿತು. ಅದರ ಬೆನ್ನಿಗೇ ಮಹಾಮಾರಿ ಬಂದು ಉಳಿದ ಬಸ್ಸುಗಳ ವೇಳೆಯೂ ಏರುಪೇರಾಯಿತು. ಮೇಷ್ಟರ ದಂಪತಿಗಳು ಸ್ಕೂಟರನ್ನು ನಂಬಿದರು. 2022ರ ಜುಲೈ ತಿಂಗಳ ಒಂದು ಸಂಜೆ ಪಾಚಿ ಹಿಡಿದ ತಿರುವಿನಲ್ಲಿ ಸ್ಕೂಟರು ಜಾರಿತು. ಮೇಷ್ಟರಿಗೆ ಮೊಣಕಾಲು ತರಚಿತು; ಅವರ ಪತ್ನಿಯ ಎಡಗೈಯ ಮಣಿಕಟ್ಟಿನ ಮೂಳೆ ಮುರಿಯಿತು. “ಬಲಗೈ ಉಳಿಯಿತಲ್ಲ, ಲೆಕ್ಕ ಬರೆಯಲು ಅಡ್ಡಿಯಿಲ್ಲ” ಎಂದು ಆಕೆ ನಕ್ಕರು. ಮೇಷ್ಟರಿಗೆ ನಗೆ ಬರಲಿಲ್ಲ. ಮುಂದಿನ ತಿರುವು ಬಲಗೈಯನ್ನೂ ಉಳಿಸೀತೆಂದು ಹೇಳುವವರು ಯಾರು?

ಕಾರು ಬೇಕೆಂದು ಬಾಯಿಬಿಟ್ಟದ್ದೇ ತಡ, ಊರೆಲ್ಲ ಹಿತೈಷಿಗಳಾದರು. ಪಕ್ಕದ ತೋಟದವರು, “ಈ ರಸ್ತೆಗೆ ಜೀಪೇ ಸೈ ಮಾರಾಯ್ರೆ, ಬೇರೆ ಎಲ್ಲ ಆಟದ ಸಾಮಾನು” ಎಂದರು. ಅಂಗಡಿಯವರು ಹೊಸದನ್ನೇ ಕಂತಿನ ಮೇಲೆ ತರುವಂತೆ ಒತ್ತಾಯಿಸಿದರು. ಅರ್ಚಕರ ಮನೆಯ ಹಿರಿಯರು ಬಣ್ಣದ ವಿಷಯದಲ್ಲಿ ಮಾತ್ರ ಸಲಹೆ ಕೊಟ್ಟರು. ಹಣದ ವಿಷಯವನ್ನು ಯಾರೂ ಕೇಳಲಿಲ್ಲ. ಅದನ್ನು ಬಲ್ಲವರು ಮನೆಯೊಳಗಿದ್ದರು. ಬ್ಯಾಂಕಿನ ಠೇವಣಿಯಲ್ಲಿ 1,50,000 ರೂಪಾಯಿ ಇತ್ತು. ಮಂಗಳೂರಿನಲ್ಲಿ ಎರಡನೆಯ ವರ್ಷ ಓದುತ್ತಿದ್ದ ಮಗಳ ಶುಲ್ಕಕ್ಕೂ ಹಾಸ್ಟೆಲಿಗೂ ಸೆಪ್ಟೆಂಬರಿನಲ್ಲಿ 75,000 ಕಟ್ಟಬೇಕಿತ್ತು. “ಉಳಿದದ್ದರಲ್ಲಿ ಬಂದರೆ ಕಾರು, ಬಾರದಿದ್ದರೆ ಸ್ಕೂಟರಿಗೆ ಹೊಸ ಟೈರು” ಎಂದು ಆಕೆ ತೀರ್ಪು ಕೊಟ್ಟರು. ಕಾರಿನ ಬೆಲೆ, ರಿಪೇರಿ, ವಿಮೆ, ಕಾಗದಪತ್ರ ಎಲ್ಲವೂ 75,000ದೊಳಗೆ.

ಆದರೂ ಮೇಷ್ಟರ ಮನಸ್ಸು ಒಮ್ಮೆ ಗೆರೆ ದಾಟಿತು. ಬಯಲುಸೀಮೆಯ ಪೇಟೆಯೊಂದರಲ್ಲಿ ಹಳೆಯ ಕಾರುಗಳ ವ್ಯಾಪಾರಿಯ ಬಳಿ ಕೆಂಪು ಬಣ್ಣದ ಕಾರೊಂದಿತ್ತು, ಹನ್ನೊಂದು ವರ್ಷದ್ದು, ಬೆಲೆ 1,45,000. ಹೊಸ ಸೀಟು ಕವರು, ಕನ್ನಡಿಯಂತೆ ಹೊಳೆಯುವ ಮೈ, ಒಳಗೆ ಮಲ್ಲಿಗೆಯ ಸೆಂಟಿನ ಪರಿಮಳ. ಮೀಟರು ಕೇವಲ 41,000 ಕಿಲೋಮೀಟರು ತೋರಿಸುತ್ತಿತ್ತು. ವ್ಯಾಪಾರಿ ಸಾಲ ಕೊಡಿಸಲೂ ಸಿದ್ಧನಿದ್ದ. ಮೇಷ್ಟರು ಮುಂಗಡವೆಂದು 5,000 ರೂಪಾಯಿ ಜೇಬಿನಲ್ಲಿಟ್ಟುಕೊಂಡು, ಕಳಸದ ಗ್ಯಾರೇಜಿನ ಮೆಕ್ಯಾನಿಕ್ಕನ್ನು ಒಂದು ದಿನದ ಕೂಲಿ ಕೊಟ್ಟು ಜೊತೆಗೆ ಕರೆದೊಯ್ದರು. ಅವರ ಭಾಗ್ಯವೆಂದರೆ ಈ ಕೂಲಿಯೇ.

ಮೆಕ್ಯಾನಿಕ್ ಎಂಜಿನ್ನನ್ನು ನೋಡಲೇ ಇಲ್ಲ. ಮುಂದಿನ ಸೀಟಿನ ಬೆಲ್ಟನ್ನು ಕೊನೆಯವರೆಗೂ ಎಳೆದ. ಹೊರಗಿನ ಭಾಗ ಕಪ್ಪಾಗಿ ಶುಭ್ರವಾಗಿತ್ತು. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಮ್ಮಣ್ಣಿನ ಕಲೆ ಗೆರೆ ಎಳೆದಂತೆ ಕೂತಿತ್ತು. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಗುಣಿಯಲ್ಲಿ ಬೆರಳಾಡಿಸಿದ. ಬೆರಳಿಗೆ ನುಣ್ಣನೆಯ ಹೂಳು ಹತ್ತಿತು. ಸೀಟಿನಡಿಯ ಕಬ್ಬಿಣದ ಪಟ್ಟಿಗಳೆಲ್ಲ ತುಕ್ಕು. “ಈ ಕಾರು ಯಾವುದೋ ನೆರೆಯಲ್ಲಿ ಕುತ್ತಿಗೆಯವರೆಗೆ ಮುಳುಗಿ ಎದ್ದಿದೆ ಸಾರ್. ಮಲ್ಲಿಗೆ ಸೆಂಟು ಅದಕ್ಕೇ” ಎಂದು ಕಿವಿಯಲ್ಲಿ ಹೇಳಿದ. ಮುಳುಗಿದ ಕಾರಿನ ವಿದ್ಯುತ್ ತಂತಿಗಳು ಒಳಗೊಳಗೇ ಕಿಲುಬು ಹಿಡಿಯುತ್ತವೆ. ತಿಂಗಳುಗಟ್ಟಲೆ ಚೆನ್ನಾಗಿ ಓಡಿ, ಒಂದು ರಾತ್ರಿ ಘಟ್ಟದ ಮಧ್ಯದಲ್ಲಿ ದೀಪ ಆರಿಸಿ ನಿಲ್ಲುತ್ತವೆ. 5,000 ರೂಪಾಯಿ ಬಂದ ದಾರಿಯಲ್ಲೇ ಹಿಂದಿರುಗಿತು. ಬಸ್ಸಿನಲ್ಲಿ ಮೇಷ್ಟರು ಬಹಳ ಹೊತ್ತು ಮಾತಾಡಲಿಲ್ಲ. ಮಗಳ ಶುಲ್ಕವನ್ನು ಆ ಕೆಂಪು ಬಣ್ಣಕ್ಕೆ ಸುರಿಯಲು ತಾವು ಎಷ್ಟು ಹತ್ತಿರ ಬಂದಿದ್ದೆವೆಂಬ ಲೆಕ್ಕ ಅವರ ತಲೆಯಲ್ಲಿ ಸುತ್ತುತ್ತಿತ್ತು.

ಮಳೆ ನಿಂತ ಮೇಲೆ ನೋಡೋಣವೆಂದು ಅವರು ಕೈಚೆಲ್ಲಿದಾಗ ಮೆಕ್ಯಾನಿಕ್ ಒಪ್ಪಲಿಲ್ಲ. ಹಳೆಯ ಕಾರನ್ನು ಮಳೆಯಲ್ಲೇ ನೋಡಬೇಕಂತೆ. ಬೇಸಗೆಯಲ್ಲಿ ಎಲ್ಲ ಕಾರೂ ಸಂಪನ್ನವೇ. ಸೋರುವ ಗಾಜು, ಕೈಕೊಡುವ ವೈಪರು, ನೀರು ಕುಡಿದ ಬ್ರೇಕು, ಮ್ಯಾಟಿನಡಿಯ ತೂತು ಇವೆಲ್ಲ ನಿಜ ನುಡಿಯುವುದು ಆಷಾಢ ಶ್ರಾವಣದಲ್ಲಿ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಅಗ್ಗದ ಕಾರುಗಳ ತಳವನ್ನು ಉಪ್ಪುಗಾಳಿ ತಿಂದಿರುತ್ತದೆಂದೂ ಅವನೇ ಎಚ್ಚರಿಸಿದ. ಕೊನೆಗೆ ಸಂಸೆಯ ಕಡೆ ಕಾಫಿ ತೋಟವೊಂದರ ನಿವೃತ್ತ ರೈಟರು ಬೆಂಗಳೂರಿನ ಮಗನ ಮನೆಗೆ ಹೊರಟಿರುವರೆಂದೂ, ಅವರ ಮಾರುತಿ 800 ಮಾರಾಟಕ್ಕಿದೆಯೆಂದೂ ಸುದ್ದಿ ತಂದವನೂ ಅವನೇ.

ಮಾರುತಿ 800 ಎಂದರೆ ಈ ದೇಶದ ಮಧ್ಯಮ ವರ್ಗಕ್ಕೆ ಕಾರಿನ ಬಾಗಿಲು ತೆರೆದ ಬಂಡಿ. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿಕೈಯನ್ನು ದೆಹಲಿಯ ಗ್ರಾಹಕರೊಬ್ಬರಿಗೆ ಕೊಟ್ಟಾಗ ಅದರ ಬೆಲೆ 50,000 ರೂಪಾಯಿಗೂ ಒಳಗೆ. 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವವರೆಗೆ ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು ಕಾರುಗಳು ಮಾರಾಟವಾದವು. 796 ಸಿ.ಸಿ.ಯ ಮೂರು ಸಿಲಿಂಡರಿನ ಪುಟ್ಟ ಎಂಜಿನ್ನು, ಹಗುರವಾದ ಮೈ. ಎಂಜಿನ್ನಿನ ಭಾರ ಮುಂದಿನ ಚಕ್ರಗಳ ಮೇಲಿದ್ದು, ಎಳೆಯುವುದೂ ಆ ಚಕ್ರಗಳೇ ಆದುದರಿಂದ ಒದ್ದೆ ಏರಿನಲ್ಲಿ ಹಿಡಿತ ತಪ್ಪುವುದು ಕಡಿಮೆ. ಕಳಸದಲ್ಲಿ ಕೆಟ್ಟರೆ ಕಳಸದಲ್ಲೇ ರಿಪೇರಿ. ಗಾಳಿಚೀಲವಿಲ್ಲ, ಪವರ್ ಸ್ಟಿಯರಿಂಗ್ ಇಲ್ಲ. ಇದನ್ನು ಮೆಕ್ಯಾನಿಕ್ ಮುಚ್ಚಿಡಲಿಲ್ಲ. “ನಿಧಾನ ಹೋಗುವವರಿಗೆ ಮಾತ್ರ ಈ ಕಾರು ಸಾರ್.”

ರೈಟರ ಕಾರು ಬೂದುಬಣ್ಣದ್ದು, 2008ರ ನೋಂದಣಿ. ಬಾನೆಟ್ಟಿನ ಬಣ್ಣ ಬಿಸಿಲಿಗೆ ಮಾಸಿತ್ತು. ಬಾಗಿಲ ಮೇಲೆ ಕಾಫಿ ಗಿಡದ ರೆಂಬೆ ಗೀಚಿದ ಗೆರೆಗಳು. ರೈಟರು ಕಾಫಿ ಕೊಟ್ಟು ಕೂರಿಸಿ, ಬೆಲೆ ಹೇಳುವ ಮೊದಲು ದೋಷಗಳನ್ನು ಒಪ್ಪಿಸಿದರು. ಬೆಳಗ್ಗೆ ತಣ್ಣಗಿರುವಾಗ ಎರಡನೆಯ ಗಿಯರು ಹಟ ಮಾಡುತ್ತದೆ. ಹಿಂದಿನ ಎಡಬಾಗಿಲು ಒಳಗಿನಿಂದ ತೆರೆಯದು. ಮುಂದಿನ ಎರಡು ಟೈರು ಬದಲಿಸಬೇಕು. ಮೆಕ್ಯಾನಿಕ್ ಟೈರಿನ ಪಕ್ಕದಲ್ಲಿ ಅಚ್ಚಾಗಿದ್ದ ನಾಲ್ಕು ಅಂಕಿಗಳನ್ನು ಓದಿದ: 2315, ಎಂದರೆ 2015ರ 23ನೆಯ ವಾರದಲ್ಲಿ ತಯಾರಾದದ್ದು. ಸವೆದಿರಲಿ ಬಿಡಲಿ, ಏಳು ವರ್ಷದ ರಬ್ಬರನ್ನು ಘಟ್ಟದಲ್ಲಿ ನಂಬಲಾಗದು. ಎಣ್ಣೆಯ ಮುಚ್ಚಳದಡಿ ಹಾಲಿನಂತಹ ನೊರೆಯಿರಲಿಲ್ಲವಾದ್ದರಿಂದ ಎಣ್ಣೆಗೆ ನೀರು ಬೆರೆತಿಲ್ಲವೆಂದಾಯಿತು. ಹೊಗೆಯಲ್ಲಿ ನೀಲಿ ಛಾಯೆಯಿರಲಿಲ್ಲ. ಎಂಜಿನ್ನು ಎಣ್ಣೆ ಸುಡುತ್ತಿಲ್ಲ. ಕಡಿದಾದ ಏರಿನಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಿದಾಗ ಕಾರು ಹಿಂದೆ ಸರಿಯಲಿಲ್ಲ. ಅಲ್ಲಿಂದಲೇ ಮೊದಲ ಗಿಯರಿನಲ್ಲಿ ಎತ್ತಿದಾಗ ಎಂಜಿನ್ನು ಕೂಗಿ ಚಕ್ರ ಸೋಮಾರಿಯಾಗಲಿಲ್ಲ, ಕ್ಲಚ್ಚೂ ಗಟ್ಟಿ. ಇಳಿಜಾರಿನಲ್ಲಿ ಎರಡನೆಯ ಗಿಯರೇ ಕಾರನ್ನು ಹಿಡಿದಿಟ್ಟಿತು. ಪೆಟ್ರೋಲು ಉಳಿಸಲೆಂದು ನ್ಯೂಟ್ರಲ್ ಮಾಡಿ ಘಟ್ಟ ಇಳಿಯುವವರು ಬ್ರೇಕನ್ನು ಕಾಯಿಸಿ ಪ್ರಾಣ ಕಳೆದುಕೊಳ್ಳುತ್ತಾರೆಂದು ರೈಟರು ಹಿಂದಿನ ಸೀಟಿನಿಂದಲೇ ಬುದ್ಧಿ ಹೇಳಿದರು.

ಮೀಟರು 86,000 ದಾಟಿತ್ತು. ಅದನ್ನು ನಂಬುವುದು ಹೇಗೆ? ಕೆಂಪು ಕಾರಿನ ಪಾಠ ಮೇಷ್ಟರಿಗೆ ಇನ್ನೂ ಹಸಿಯಾಗಿತ್ತು. ಆಗ ರೈಟರು ಒಳಗಿನಿಂದ ಉದ್ದನೆಯ ಪುಸ್ತಕವೊಂದನ್ನು ತಂದಿಟ್ಟರು. ಆಳುಗಳ ಹಾಜರಿ ಬರೆಯುವ ಹಳೆಯ ಚೆಕ್‌ರೋಲ್ ಪುಸ್ತಕ. ಹೆಸರುಗಳ ಕಾಲಮ್ಮಿನಲ್ಲಿ ಊರುಗಳು, ದಿನಗಳ ಕಾಲಮ್ಮಿನಲ್ಲಿ ಕಿಲೋಮೀಟರು, ಕೂಲಿಯ ಕಾಲಮ್ಮಿನಲ್ಲಿ ಪೆಟ್ರೋಲು. ಹದಿನಾಲ್ಕು ವರ್ಷ ಒಂದು ಲೀಟರೂ ತಪ್ಪದೆ ಬರೆದಿದ್ದರು.

ಮೇಷ್ಟರ ಪತ್ನಿ ಪುಸ್ತಕವನ್ನು ಮಡಿಲಿಗೆಳೆದುಕೊಂಡರು. ಲೆಕ್ಕವೆಂದರೆ ಆಕೆಗೆ ಅಕ್ಷರವಿದ್ದಂತೆ. ಅಲ್ಲಲ್ಲಿ ಪುಟ ತೆರೆದು, ಓಡಿದ ದೂರವನ್ನು ಹಾಕಿಸಿದ ಪೆಟ್ರೋಲಿನಿಂದ ಭಾಗಿಸಿದರು. 2010ರಲ್ಲೂ 15, 2014ರಲ್ಲೂ 15, 2021ರಲ್ಲಿ 15ಕ್ಕೆ ಸ್ವಲ್ಪ ಕಡಿಮೆ. ಪುಟದಿಂದ ಪುಟಕ್ಕೆ ಮೊತ್ತ ಮುಂದಕ್ಕೆ ಸಾಗಿ ಕೊನೆಯ ಸಾಲಿನಲ್ಲಿ ಮೀಟರಿನ ಅಂಕಿಗೆ ಸರಿಯಾಗಿ ಬಂದು ಕೂತಿತು. “ಲೆಕ್ಕ ತಾಳೆಯಾಗುತ್ತದೆ” ಎಂದರು ಆಕೆ. ಮೇಷ್ಟರು ನಿರಾಳವಾಗಿ ಚೌಕಾಸಿಗೆ ತೊಡಗಿದರು.

ರೈಟರು ಕೇಳಿದ್ದು 65,000. ನೋಂದಣಿಯ ಹದಿನೈದು ವರ್ಷ 2023ಕ್ಕೆ ಮುಗಿಯುತ್ತದೆ. ಅದಾದ ಮೇಲೆ ತಪಾಸಣೆ, ಹಸಿರು ತೆರಿಗೆ. ಹಿಂದೆ 600 ರೂಪಾಯಿ ಇದ್ದ ನವೀಕರಣದ ಶುಲ್ಕ ಅದೇ 2022ರ ಏಪ್ರಿಲ್ 1ರಿಂದ 5,000ಕ್ಕೆ ಏರಿತ್ತು. ಇದನ್ನೆಲ್ಲ ಮುಂದಿಟ್ಟು ಮೇಷ್ಟರು ಬೆಲೆಯನ್ನು 58,000ಕ್ಕೆ ಇಳಿಸಿದರು. ಇನ್ನೂ 3,000 ಇಳಿಸುವ ಉತ್ಸಾಹದಲ್ಲಿದ್ದಾಗ ಪತ್ನಿ ಅವರ ಕೈ ಹಿಡಿದು ಸುಮ್ಮನಾಗಿಸಿದರು. ಪುಸ್ತಕದ ಒಂದು ಪುಟ ತೋರಿಸಿದರು. 2016ರ ಉದ್ದಕ್ಕೂ ಹದಿನೈದು ದಿನಕ್ಕೊಮ್ಮೆ ಒಂದೇ ಸಾಲು: “ಮಂಗಳೂರು ಆಸ್ಪತ್ರೆ, ಹೋಗಿ ಬಂದುದು.” ನವೆಂಬರಿನ ಆ ಸಾಲಾದ ಮೇಲೆ ಎರಡು ತಿಂಗಳು ಪುಟ ಖಾಲಿ. ಆಮೇಲೆ ಸಂತೆ, ಬ್ಯಾಂಕು, ದೇವಸ್ಥಾನ. ಮಂಗಳೂರಿನ ಹೆಸರು ಮತ್ತೆಲ್ಲೂ ಇಲ್ಲ. ಗೋಡೆಯ ಮೇಲೆ ಹೂಮಾಲೆ ಹಾಕಿದ ಭಾವಚಿತ್ರವೊಂದಿದ್ದುದನ್ನು ಮೇಷ್ಟರು ಆಗ ಗಮನಿಸಿದರು. 58,000ಕ್ಕೆ ಮಾತು ಮುಗಿಯಿತು.

ಉಳಿದ ಕೆಲಸಕ್ಕೆ ಹದಿನೈದು ದಿನ ಹಿಡಿಯಿತು. ಆರ್.ಸಿ.ಯಲ್ಲಿದ್ದ ಎಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ಕಾರಿನ ಮೇಲಿನ ಸಂಖ್ಯೆಗಳೊಡನೆ ಹೋಲಿಸಿ ನೋಡಿದರು. ಕೆ.ಎ. 18, ಚಿಕ್ಕಮಗಳೂರಿನದೇ ನೋಂದಣಿಯಾದುದರಿಂದ ಬೇರೆ ಕಚೇರಿಯ ಒಪ್ಪಿಗೆಪತ್ರ ಬೇಕಾಗಲಿಲ್ಲ. 29 ಮತ್ತು 30ನೆಯ ನಮೂನೆಗಳಿಗೆ ಇಬ್ಬರೂ ರುಜು ಹಾಕಿದರು. ಹೆಸರು ಬದಲಾಗದ ಕಾರಿನಿಂದ ಅಪಘಾತವಾದರೆ ಹೊಣೆ ಹಳೆಯ ಮಾಲೀಕರ ಕೊರಳಿಗೆ ಬೀಳುವುದರಿಂದ ರೈಟರಿಗೂ ಅದರಲ್ಲಿ ಆತುರವಿತ್ತು. ಎರಡು ಟೈರು, ಬ್ರೇಕಿನ ಕೆಲಸ, ವೈಪರು, ಬಾಗಿಲಿನ ಹಿಡಿ, ವಿಮೆ ಎಲ್ಲ ಸೇರಿ ಖರ್ಚು 74,200ಕ್ಕೆ ನಿಂತಿತು. ಮಗಳ ಶುಲ್ಕ ಸಕಾಲಕ್ಕೆ ಮಂಗಳೂರು ಸೇರಿತು.

ಕೊಂಡ ಬೆಲೆಗಿಂತ ಓಡಿಸುವ ಬೆಲೆ ದೊಡ್ಡದೆಂಬುದು ಮೊದಲ ತಿಂಗಳಲ್ಲೇ ತಿಳಿಯಿತು. ಲೀಟರಿಗೆ 100 ರೂಪಾಯಿ ದಾಟಿದ್ದ ಪೆಟ್ರೋಲಿನಲ್ಲಿ 44 ಕಿಲೋಮೀಟರಿಗೆ ದಿನಕ್ಕೆ ಹೆಚ್ಚುಕಡಿಮೆ 300. ತಿಂಗಳಿಗೆ 7,000ಕ್ಕೂ ಮೇಲೆ. ದಂಪತಿಗಳು ಕೂತು ಒಂದು ಕಟ್ಟಳೆ ಮಾಡಿಕೊಂಡರು. ಜೂನ್‌ನಿಂದ ಮಳೆ ಹಿಂದೆಗೆಯುವವರೆಗೆ ಕಾರು. ಉಳಿದ ಕಾಲ ಬಸ್ಸು, ಬಸ್ಸು ತಪ್ಪಿದರೆ ಸ್ಕೂಟರು. ಕಳಸದಿಂದ ಮುಂದಕ್ಕೆ ಶಾಲೆಯ ಇಬ್ಬರು ಸಹೋದ್ಯೋಗಿಗಳು ಜೊತೆಗೂಡಿ ವಾರಕ್ಕೊಮ್ಮೆ ತಾವೂ ಪೆಟ್ರೋಲು ಹಾಕಿಸಿದರು.

ಆ ವರ್ಷದ ದೀಪಾವಳಿಗೆ ಮಗಳು ಮಂಗಳೂರಿನಿಂದ ಘಟ್ಟದ ಬಸ್ಸು ಹತ್ತಿ ಕೊಟ್ಟಿಗೆಹಾರಕ್ಕೆ ಬಂದಳು. ಹೋಟೆಲಿನಲ್ಲಿ ನೀರುದೋಸೆ ತಿಂದು ಹೊರಗೆ ಬಂದವಳು ಕಾರನ್ನು ಒಂದು ಸುತ್ತು ಬಂದು, “ಅಪ್ಪ, ಇದು ನನಗಿಂತ ಐದೇ ವರ್ಷ ಚಿಕ್ಕದು!” ಎಂದು ನಕ್ಕಳು. ದಾರಿಯಲ್ಲಿ ಹಿಂದಿನ ಸೀಟಿನಲ್ಲಿದ್ದ ಚೆಕ್‌ರೋಲ್ ಪುಸ್ತಕ ಅವಳ ಕೈಗೆ ಸಿಕ್ಕಿತು. ಪುಟ ತಿರುವುತ್ತ ತಿರುವುತ್ತ ಅವಳ ನಗು ನಿಂತಿತು.

“ಅಮ್ಮ, ಈ ಮಂಗಳೂರು ಆಸ್ಪತ್ರೆ ಯಾರಿಗೆ?”

“ರೈಟರ ಮನೆಯವರಿಗೆ” ಎಂದರು ತಾಯಿ. ಸ್ವಲ್ಪ ಹೊತ್ತಿನ ಮೇಲೆ, “ಪೆನ್ನಿದೆಯೇ? ಇವತ್ತಿನದು ಬರೆದುಬಿಡು” ಎಂದರು.

ತಿರುವಿನ ದಾರಿಯಲ್ಲಿ ಅಕ್ಷರ ಅಂಕುಡೊಂಕಾದರೂ ಮಗಳು ಬರೆದಳು. ಊರಿನ ಕಾಲಮ್ಮಿನಲ್ಲಿ ಕೊಟ್ಟಿಗೆಹಾರ, ಅದರ ಮುಂದೆ, ರೈಟರ ಧಾಟಿಯಲ್ಲೇ, “ಮಗಳು, ಕರೆತಂದುದು.”